ಜೇನ್ ಐರ್‌ನ ಅತ್ತೆ, ನಿಮ್ಮ ಮನೆಯ ದೊಡ್ಡಮ್ಮ

ತುಮಕೂರಿನ ಕಡೆಯ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಇದು:

"ನನ್ನ ತಂಗಿ ತೀರಿಕೊಂಡು 11 ವರ್ಷ ಆಯಿತು. ಆಗ ಅವಳ ಮಗಳಿಗೆ 5 ವರ್ಷ. ಅವತ್ತಿನಿಂದ ನನ್ನ ಹತ್ತಿರವೇ ಬೆಳೆದಿದ್ದಾಳೆ, ದೊಡ್ಡಮ್ಮ ಅಂತ ಕರೆಯುತ್ತಾಳೆ. ಈಗ ಮೊದಲ ಪಿಯುಸಿ. ಇಂಗ್ಲಿಷ್ ಮೇಡಂ ರಜದಲ್ಲಿ 'ಜೇನ್ ಐರ್' ಕಾದಂಬರಿ ಓದಿಕೊಂಡು ಬನ್ನಿ ಎಂದಿದ್ದಾರೆ. ಅವಳಿಗಿಂತ ಮೊದಲು ನಾನೇ ನಾಲ್ಕು ಅಧ್ಯಾಯ ಓದಿದೆ. ಅಪ್ಪ ಅಮ್ಮ ಇಲ್ಲದ ಹುಡುಗಿಯನ್ನು ಸಾಕುವ ಹೆಂಗಸು ಅದರಲ್ಲಿ ಎಷ್ಟು ಕ್ರೂರಿ! ಓದಿ ಎದೆ ಧಸಕ್ಕೆಂದಿತು. ನಾದಿನಿಯಂತೂ 'ಆ ಪುಸ್ತಕ ಕೊಡಲೇಬೇಡಿ ಅತ್ತಿಗೆ, ಇಲ್ಲದ್ದು ತಲೆಗೆ ಹತ್ತುತ್ತೆ' ಅಂತಾಳೆ. ಮುಂದೆ ಆ ಹುಡುಗಿಗೆ ಪ್ರೀತಿ ತೋರಿಸುವ ಹೆಂಗಸರೆಲ್ಲ ಸಾಯುತ್ತಾರೆ, ಇಲ್ಲವೇ ಬಿಟ್ಟು ಹೋಗುತ್ತಾರಂತೆ. ಹೆಣ್ಣಿನ ಸ್ವಾತಂತ್ರ್ಯದ ಪುಸ್ತಕ ಅಂತಾರೆ, ಆದರೆ ಕೊನೆಗೆ ಮದುವೆಯಲ್ಲೇ ಮುಗಿಯುತ್ತದಂತೆ. ಇದನ್ನು ಅವಳ ಕೈಗೆ ಕೊಡಲಾ, ಬೇಡವಾ? ಇನ್ನೊಂದು ಮಾತು. ತಂಗಿ ಕಾಲೇಜು ಹಾಸ್ಟೆಲಿನಿಂದ ನನಗೆ ಬರೆದ ಪತ್ರಗಳ ಕಟ್ಟು ನನ್ನ ಬೀರುವಿನಲ್ಲಿದೆ. ಮಗಳಿಗೆ ಗೊತ್ತಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ."

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಪುಸ್ತಕದ ಬಗ್ಗೆ. ಆದರೆ ಭಯ ಇರುವುದು, ಮಗಳು ಅದನ್ನು ಓದಿ ಮುಗಿಸಿ ತಲೆ ಎತ್ತಿ ನಿಮ್ಮನ್ನು ಹೇಗೆ ನೋಡಿಯಾಳು ಅನ್ನುವುದರ ಬಗ್ಗೆ ಅಲ್ವಾ? ಪದವಿ ತರಗತಿಗಳಿಗೆ ಈ ಕಾದಂಬರಿಯನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅಮ್ಮನಿಲ್ಲದೆ ಬೆಳೆದ ಹುಡುಗಿಯರೂ ನನ್ನ ತರಗತಿಯಲ್ಲಿ ಕೂತಿದ್ದರು. ಹಾಗಾಗಿ ಕಂಡದ್ದನ್ನೇ ಹೇಳುತ್ತೇನೆ.

ಮೊದಲು ನೆಂಟಸ್ತಿಕೆಯ ವಿಷಯ. ಜೇನ್‌ಳನ್ನು ಸಾಕುವ ಮಿಸೆಸ್ ರೀಡ್ ಅವಳಿಗೆ 'ಆಂಟ್'. ಇಂಗ್ಲಿಷಿನಲ್ಲಿ ಇರುವುದು ಅದೊಂದೇ ಪದ. ನಮ್ಮಲ್ಲಿ ಹಾಗಲ್ಲ. ಜೇನ್‌ಳ ಅಮ್ಮನ ಸೋದರ ಮಿಸ್ಟರ್ ರೀಡ್, ಅಂದರೆ ಸೋದರಮಾವ. ಅವನ ಹೆಂಡತಿ ಈಕೆ. ನಮ್ಮ ಲೆಕ್ಕದಲ್ಲಿ ಅತ್ತೆ. ಒಡಹುಟ್ಟಿದವಳ ಮಗುವನ್ನು ಎತ್ತಿಕೊಂಡ ದೊಡ್ಡಮ್ಮ ಅಲ್ಲ. ತಬ್ಬಲಿ ಕೂಸನ್ನು ಮನೆಗೆ ತಂದವನು ಗಂಡ. ಅವನು ಸಾಯುವಾಗ 'ಇವಳನ್ನು ನಿನ್ನ ಮಕ್ಕಳ ಹಾಗೇ ನೋಡಿಕೋ' ಎಂದು ಮಾತು ತೆಗೆದುಕೊಂಡ. ಹೆಂಡತಿ ಮಾತು ಕೊಟ್ಟಳು, ಮನಸ್ಸು ಕೊಡಲಿಲ್ಲ. ಅತ್ತೆಯರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆ ಮನೆಗೆ ಮಗು ಬಂದ ದಾರಿಯೇ ಬೇರೆ, ನಿಮ್ಮ ಮನೆಗೆ ಬಂದ ದಾರಿಯೇ ಬೇರೆ ಅಂತ ಹೇಳುತ್ತಿದ್ದೇನೆ.

ಇನ್ನೊಂದು ತಪ್ಪು ಕಲ್ಪನೆಯನ್ನು ಪ್ರತಿ ವರ್ಷ ಯಾರಾದರೂ ಒಬ್ಬರು ತರಗತಿಯಲ್ಲಿ ತೆಗೆಯುತ್ತಿದ್ದರು: ಲೇಖಕಿ ಷಾರ್ಲೆಟ್ ಬ್ರಾಂಟೆ ತನ್ನನ್ನು ಸಾಕಿದವಳ ಮೇಲಿನ ಸಿಟ್ಟನ್ನೇ ಮಿಸೆಸ್ ರೀಡ್ ಮಾಡಿ ಬರೆದಳು ಅಂತ. ಅವಳ ಬದುಕಿನ ವಿವರ ನೋಡಿದರೆ ಇದು ಹೊಂದುವುದೇ ಇಲ್ಲ. ಷಾರ್ಲೆಟ್ ಹುಟ್ಟಿದ್ದು 1816ರಲ್ಲಿ. 1821ರಲ್ಲಿ ಅಮ್ಮ ತೀರಿಕೊಂಡಾಗ ಅವಳಿಗೆ 5 ವರ್ಷ. ನಿಮ್ಮ ಮಗಳಿಗೆ ಇದ್ದಷ್ಟೇ ವಯಸ್ಸು. ಆರು ಮಕ್ಕಳು. ಅವರನ್ನು ಸಾಕಿದವಳು ಅಮ್ಮನ ಅಕ್ಕ, ಎಲಿಜಬೆತ್ ಬ್ರಾನ್‌ವೆಲ್. ಕನ್ನಡದಲ್ಲಿ ಹೇಳುವುದಾದರೆ ದೊಡ್ಡಮ್ಮ! ಇಂಗ್ಲೆಂಡಿನ ದಕ್ಷಿಣದ ತುದಿಯಲ್ಲಿ, ಸಮುದ್ರದ ದಡದ ಪೆನ್ಜಾನ್ಸ್ ಅವಳ ಊರು. ಅಲ್ಲಿಂದ ಉತ್ತರದ ಚಳಿಗಾಳಿಯ ಹಾವರ್ತ್‌ಗೆ ತಂಗಿಯ ಆರೈಕೆಗೆಂದು ಬಂದವಳು 1842ರಲ್ಲಿ ಸಾಯುವವರೆಗೂ ಅಲ್ಲೇ ಉಳಿದಳು. ಕಲ್ಲುಹಾಸಿನ ನೆಲದ ಥಂಡಿ ತಾಗದಿರಲಿ ಎಂದು ಮನೆಯೊಳಗೂ ಎತ್ತರದ ಅಡಿಯ ಮೆಟ್ಟು ಹಾಕಿಕೊಂಡು ಟಕಟಕ ಓಡಾಡುತ್ತಿದ್ದಳಂತೆ. ದೇವರು ದಿಂಡರು ಜಾಸ್ತಿ, ಶಿಸ್ತು ಜಾಸ್ತಿ. ಹೆಣ್ಣುಮಕ್ಕಳನ್ನು ಕೂರಿಸಿ ಹೊಲಿಗೆ ಕಲಿಸುತ್ತಿದ್ದಳು. ಆದರೆ ಷಾರ್ಲೆಟ್ ಮತ್ತು ಅವಳ ತಂಗಿ ಎಮಿಲಿ 1842ರಲ್ಲಿ ಬ್ರಸೆಲ್ಸ್‌ಗೆ ಓದಲು ಹೋದದ್ದು ಇವಳ ದುಡ್ಡಿನಿಂದ. ಸಾಯುವಾಗ ಉಳಿತಾಯವನ್ನು ಸೋದರಿಯರ ಹೆಣ್ಣುಮಕ್ಕಳಿಗೆ ಬಿಟ್ಟುಹೋದಳು. 1846ರಲ್ಲಿ ಬ್ರಾಂಟೆ ಅಕ್ಕತಂಗಿಯರು ತಮ್ಮ ಮೊದಲ ಕವನ ಸಂಕಲನವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದಾಗ ಕೈಯಲ್ಲಿ ಇದ್ದದ್ದು ಈ ದೊಡ್ಡಮ್ಮನ ದುಡ್ಡು. ಮರುವರ್ಷ 'ಜೇನ್ ಐರ್' ಬಂತು.

ನಿಮ್ಮ ನಾದಿನಿಗೆ ಇದನ್ನು ಹೇಳಿ.

ಇನ್ನು ಕಾದಂಬರಿಯೊಳಗಿನ ಹೆಂಗಸರ ವಿಷಯಕ್ಕೆ ಬರೋಣ. ಮಿಸೆಸ್ ರೀಡ್ ಮಾಡಿದ ತಪ್ಪಾದರೂ ಏನು? ಹೆತ್ತ ತಾಯಿ ಅಲ್ಲದಿರುವುದು ತಪ್ಪಲ್ಲ. ಹಂಗಿನ ಲೆಕ್ಕ ಇಟ್ಟದ್ದು ತಪ್ಪು. ಆ ಲೆಕ್ಕವನ್ನು ಕೂಸಿಗೆ ಕೇಳಿಸುತ್ತಾ ಹೋದದ್ದು ಇನ್ನೂ ದೊಡ್ಡ ತಪ್ಪು. ಹತ್ತು ವರ್ಷದ ಜೇನ್ 'ನಾನೇನು ಕೆಲಸದವಳಾ?' ಎಂದು ಕೇಳಿದಾಗ, 'ಕೆಲಸದವಳಿಗಿಂತಲೂ ಕಡೆ, ತಿನ್ನುವ ಅನ್ನಕ್ಕೆ ನೀನು ಏನೂ ಕೆಲಸ ಮಾಡಲ್ಲ' ಅನ್ನುವ ಉತ್ತರ ಬರುತ್ತದೆ. ಇದನ್ನು ಹೇಳುವುದು ಯಜಮಾನಿಯೂ ಅಲ್ಲ, ಅವಳ ಆಳು. ಯಜಮಾನಿಯ ಮನಸ್ಸಿನಲ್ಲಿ ಇರುವುದು ಮನೆಯ ಆಳುಗಳ ಬಾಯಲ್ಲಿ ಬರುತ್ತದೆ. ಸಾಕುಮಗು ಇರುವ ಯಾವ ಮನೆಗಾದರೂ ಇದು ಗೊತ್ತಿರುವ ಸತ್ಯ. ನಾವು ಆಡದ ಮಾತನ್ನು ನೆಂಟರು ಆಡಿಬಿಡುತ್ತಾರೆ.

ಅದೇ ಮನೆಯಲ್ಲಿ ಬೆಸ್ಸಿ ಅಂತ ಇನ್ನೊಬ್ಬ ಆಳು ಇದ್ದಾಳೆ. ಕೋಪಿಷ್ಠೆ, ಆದರೆ ಕಥೆ ಹೇಳುತ್ತಾಳೆ, ಹಾಡುತ್ತಾಳೆ. ಜೇನ್‌ಳನ್ನು ಕೆಂಪು ಕೋಣೆಯಲ್ಲಿ ಕೂಡಿಹಾಕಿ, ಅವಳು ಹೆದರಿ ಪ್ರಜ್ಞೆ ತಪ್ಪಿದ ಮರುದಿನ ಬೆಸ್ಸಿ ಒಂದು ಪಿಂಗಾಣಿ ತಟ್ಟೆಯಲ್ಲಿ ಸಿಹಿ ತಂದುಕೊಡುತ್ತಾಳೆ. ಹೂಬಳ್ಳಿ, ಗುಲಾಬಿ ಮೊಗ್ಗುಗಳ ನಡುವೆ ಸ್ವರ್ಗದ ಹಕ್ಕಿ ಕೂತಿರುವ ಚಿತ್ರ ಆ ತಟ್ಟೆಯ ಮೇಲೆ. ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಲು ಜೇನ್ ಎಷ್ಟೋ ಸಲ ಬೇಡಿಕೊಂಡಿದ್ದಳು. ಅವಳಿಗೆ ಆ ಯೋಗ್ಯತೆ ಇಲ್ಲ ಅಂತ ಕೊಟ್ಟಿರಲಿಲ್ಲ. ಈಗ ತಟ್ಟೆ ಮಡಿಲಿಗೇ ಬಂದಿದೆ. ತಿನ್ನಲು ಆಗುವುದಿಲ್ಲ. ಹಕ್ಕಿಯ ಬಣ್ಣವೂ ಮಾಸಿದ ಹಾಗೆ ಕಾಣುತ್ತದೆ. ಒಂದು ವರ್ಷ ಈ ಪುಟ ಓದುತ್ತಿದ್ದಾಗ ಕೊನೆಯ ಬೆಂಚಿನ ಹುಡುಗಿಯೊಬ್ಬಳು, "ಮೇಡಂ, ನಮ್ಮ ಮಾವನ ಮನೇಲಿ ನನಗೆ ಅಂತ ಬೇರೆ ತಟ್ಟೆ ಇತ್ತು" ಅಂದಳು. ಅಷ್ಟೇ ಅಂದು ಕೂತಳು. ಅವತ್ತು ಪಾಠ ಮುಂದಕ್ಕೆ ಹೋಗಲಿಲ್ಲ. ಯಾವತ್ತೂ ಬಾಯಿ ಬಿಡದವಳು ಆಮೇಲೆ ವರ್ಷವಿಡೀ ಮಾತಾಡಿದಳು. ಈ ಪುಸ್ತಕ ಇಂಥ ಮಕ್ಕಳ ತಲೆ ಕೆಡಿಸುವುದನ್ನು ನಾನು ಕಂಡಿಲ್ಲ, ಬಾಯಿ ಬಿಡಿಸುವುದನ್ನು ಕಂಡಿದ್ದೇನೆ.

ಆಮೇಲೆ ಅತ್ತೆ ಜೇನ್‌ಳನ್ನು ಕಳಿಸಿಬಿಡುವ ಲೋವುಡ್ ಶಾಲೆ. ಅಲ್ಲಿ ಮಿಸ್ ಟೆಂಪಲ್. ಬೆಳಗಿನ ಗಂಜಿ ಸೀದು ಹೋಗಿ ಮಕ್ಕಳು ಹಸಿದಿದ್ದಾರೆ ಅಂತ ಬ್ರೆಡ್ಡು, ಚೀಸ್ ಕೊಡಿಸುತ್ತಾಳೆ. ಅದಕ್ಕೆ ಶಾಲೆ ನಡೆಸುವ ಬ್ರಾಕಲ್‌ಹರ್ಸ್ಟ್ ಎಲ್ಲರೆದುರು ಅವಳನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಮಕ್ಕಳ ಗುಂಗುರು ಕೂದಲು ಕತ್ತರಿಸಿ ಅನ್ನುತ್ತಾನೆ. ಅಷ್ಟರಲ್ಲಿ ರೇಷ್ಮೆ, ವೆಲ್ವೆಟ್ಟು ಉಟ್ಟ ಅವನ ಹೆಂಡತಿ ಮಕ್ಕಳು ಒಳಗೆ ಬರುತ್ತಾರೆ! ಟೆಂಪಲ್ ಎದುರು ಮಾತಾಡುವುದಿಲ್ಲ. ಮುಖ ಕಲ್ಲಿನಂತಾಗುತ್ತದೆ, ಅಷ್ಟೇ. ಇನ್ನೊಂದು ಸಂಜೆ ಜೇನ್ ಮತ್ತು ಅವಳ ಗೆಳತಿ ಹೆಲೆನ್ ಬರ್ನ್ಸ್ ಇಬ್ಬರನ್ನು ತನ್ನ ಕೋಣೆಗೆ ಟೀಗೆ ಕರೆಯುತ್ತಾಳೆ. ಮೂವರಿಗೆ ಸಾಲುವಷ್ಟು ಬ್ರೆಡ್ಡು ಇಲ್ಲ. ಇನ್ನೂ ಸ್ವಲ್ಪ ತಾ ಅಂತ ಹೇಳಿಕಳಿಸಿದರೆ ಉಗ್ರಾಣದವಳು ಕೊಡುವುದಿಲ್ಲ. ಆಗ ಟೆಂಪಲ್ ಬೀಗದ ಡ್ರಾಯರ್ ತೆಗೆದು, ಕಾಗದದಲ್ಲಿ ಸುತ್ತಿಟ್ಟ ಸೋಂಪಿನಂಥ ಕಾಳು ಹಾಕಿದ ಕೇಕನ್ನು ಹೊರಗೆ ತೆಗೆದು ಧಾರಾಳವಾಗಿ ಕತ್ತರಿಸಿ ಕೊಡುತ್ತಾಳೆ. ಇಡೀ ಶಾಲೆಯ ಮುಖ್ಯಸ್ಥೆ. ಎರಡು ತುಂಡು ಬ್ರೆಡ್ಡು ಹೆಚ್ಚಿಗೆ ತರಿಸುವ ಅಧಿಕಾರ ಇಲ್ಲ.

ಈ ಕಾದಂಬರಿಯ ತಾಯಂದಿರನ್ನು ಅರ್ಥ ಮಾಡಿಕೊಳ್ಳುವ ಬೀಗದ ಕೈ ನನಗೆ ಸಿಕ್ಕಿದ್ದು ಇಲ್ಲೇ. ಒಳ್ಳೆಯ ತಾಯಿ, ಕೆಟ್ಟ ತಾಯಿ ಅಂತ ಎರಡು ಪಟ್ಟಿ ಮಾಡಿಸುತ್ತವೆ ಗೈಡುಗಳು. ಅದರಿಂದ ಏನೂ ಸಿಗುವುದಿಲ್ಲ. ದುಡ್ಡು, ಅಧಿಕಾರ ಯಾರ ಕೈಯಲ್ಲಿದೆ ನೋಡಿ. ಮಿಸೆಸ್ ರೀಡ್ ಕೈಯಲ್ಲಿದೆ, ಅವಳಲ್ಲಿ ಪ್ರೀತಿ ಇಲ್ಲ. ಬೆಸ್ಸಿಯಲ್ಲಿ, ಟೆಂಪಲ್‌ಳಲ್ಲಿ ಪ್ರೀತಿ ಇದೆ, ಕೈ ಖಾಲಿ. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಸಂಪಾದನೆಯೂ ಆಸ್ತಿಯೂ ಕಾನೂನಿನ ಪ್ರಕಾರ ಗಂಡನದೇ. ಇದನ್ನು ಬದಲಿಸುವ ಕಾಯ್ದೆಗಳು ಬಂದದ್ದು 1870 ಮತ್ತು 1882ರಲ್ಲಿ. ಓದಿದ, ಬಡ ಹೆಣ್ಣುಮಗಳಿಗೆ ಮರ್ಯಾದೆಯ ಕೆಲಸ ಅಂತ ಇದ್ದದ್ದು ಶಾಲೆಯ ಪಾಠ, ಇಲ್ಲವೇ ಗವರ್ನೆಸ್ ಕೆಲಸ, ಅಂದರೆ ಶ್ರೀಮಂತರ ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವುದು. ಮುಂದೆ ಲೋವುಡ್‌ನಲ್ಲೇ ಪಾಠ ಮಾಡುವ ಜೇನ್‌ಗೆ ವರ್ಷಕ್ಕೆ 15 ಪೌಂಡ್, ಆಮೇಲೆ ಗವರ್ನೆಸ್ ಆಗಿ ಸೇರುವ ಥಾರ್ನ್‌ಫೀಲ್ಡ್ ಎಂಬ ಮನೆಯಲ್ಲಿ 30. ಷಾರ್ಲೆಟ್ ತಾನೇ ಎರಡು ಮನೆಗಳಲ್ಲಿ ಗವರ್ನೆಸ್ ಆಗಿದ್ದವಳು. ಪಾಠದ ಜೊತೆ ರಾಶಿ ರಾಶಿ ಹೊಲಿಗೆಯನ್ನೂ ತಲೆಗೆ ಕಟ್ಟುತ್ತಾರೆ ಅಂತ ಗೋಳು ತೋಡಿಕೊಂಡಿದ್ದಾಳೆ.

ಬಿಟ್ಟು ಹೋಗುವವರ ಬಗ್ಗೆ ಕೇಳಿದ್ದೀರಿ. ಹೌದು, ಹೋಗುತ್ತಾರೆ. ಟೆಂಪಲ್ ಮದುವೆಯಾಗಿ ದೂರದ ಊರಿಗೆ ಹೋಗುತ್ತಾಳೆ. ಹೆಲೆನ್ ಕ್ಷಯದಿಂದ ಸಾಯುತ್ತಾಳೆ. ಒಂಬತ್ತನೆಯ ಅಧ್ಯಾಯ ಅದು, ನಿಜಕ್ಕೂ ಕಷ್ಟದ್ದು. ರಾತ್ರಿ ಜೇನ್ ಕದ್ದು ಹೋಗಿ ಗೆಳತಿಯ ಹಾಸಿಗೆಗೆ ಏರಿ, ತಬ್ಬಿಕೊಂಡು ಮಲಗುತ್ತಾಳೆ. ಬೆಳಗ್ಗೆ ನೋಡಿದರೆ ಜೇನ್ ನಿದ್ದೆಯಲ್ಲಿದ್ದಾಳೆ, ಹೆಲೆನ್ ಇಲ್ಲ. ಷಾರ್ಲೆಟ್‌ಳ ಅಕ್ಕಂದಿರಾದ ಮರಿಯಾ ಮತ್ತು ಎಲಿಜಬೆತ್, ಇಂಥದೇ ಶಾಲೆಯಿಂದ ಕಾಯಿಲೆ ಬಿದ್ದು ಮನೆಗೆ ಬಂದು 1825ರಲ್ಲಿ ತೀರಿಕೊಂಡರು. ಹೆಲೆನ್‌ಳಲ್ಲಿ ಇರುವುದು ಮರಿಯಾ. ಐದು ವರ್ಷಕ್ಕೇ ಸಾವು ಕಂಡ ನಿಮ್ಮ ಮಗಳು ಇಲ್ಲಿ ಅಳಬಹುದು. ಅಳಲಿ. ಆದರೆ ಆ ಅಧ್ಯಾಯವನ್ನು ರಾತ್ರಿ ಒಬ್ಬಳೇ ಕೂತು ಓದುವ ಹಾಗೆ ಆಗದಿರಲಿ. ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಹಗಲು ಹೊತ್ತಿನಲ್ಲಿ, ನೀವು ಮನೆಯಲ್ಲಿರುವಾಗ ಓದಲಿ.

ಮುಂದಿನ ಭಾಗದಲ್ಲಿ ಜೇನ್ ತಾನೇ ತಾಯಿಯ ಜಾಗಕ್ಕೆ ಬರುತ್ತಾಳೆ. ಆಡೆಲ್ ಅನ್ನುವ ಫ್ರೆಂಚ್ ಹುಡುಗಿ ಅವಳ ವಿದ್ಯಾರ್ಥಿನಿ. ಆಡೆಲ್‌ಳ ಅಮ್ಮ ಮಗುವನ್ನು ಬಿಟ್ಟು ಗಾಯಕನೊಬ್ಬನ ಜೊತೆ ಇಟಲಿಗೆ ಓಡಿಹೋದವಳು. ಇದೆಲ್ಲ ಗೊತ್ತಾದ ಮೇಲೆ ನೀನು ಈ ಕೆಲಸ ಬಿಡಬಹುದು ಅಂತ ಯಜಮಾನ ರೊಚೆಸ್ಟರ್ ಅಂದುಕೊಳ್ಳುತ್ತಾನೆ. ಜೇನ್ ಹೇಳುವುದು ಬೇರೆ: ಅಮ್ಮನ ತಪ್ಪಿಗೂ ನಿಮ್ಮ ತಪ್ಪಿಗೂ ಮಗು ಹೊಣೆ ಅಲ್ಲ, ಇನ್ನು ಮೇಲೆ ಅವಳನ್ನು ಇನ್ನಷ್ಟು ಹತ್ತಿರ ಇಟ್ಟುಕೊಳ್ಳುತ್ತೇನೆ. ಮಿಸೆಸ್ ರೀಡ್‌ಗೆ ಇದೇ ಉತ್ತರ.

ರೊಚೆಸ್ಟರ್ ತನ್ನ ಮನೆಯ ಅಟ್ಟದ ಮೇಲೆ ಕೂಡಿಹಾಕಿದ ಹೆಂಡತಿ ಬರ್ತಾ ಮೇಸನ್ ಬಗ್ಗೆಯೂ ಮಗಳು ಕೇಳಿಯೇ ಕೇಳುತ್ತಾಳೆ. 'ಹುಚ್ಚಿ' ಅಂದು ಮುಗಿಸಬೇಡಿ. ಜಮೈಕಾದ ಆ ಹುಡುಗಿಯನ್ನು ರೊಚೆಸ್ಟರ್‌ಗೆ ತಂದುಕೊಂಡದ್ದು 30,000 ಪೌಂಡಿನ ವರದಕ್ಷಿಣೆಗಾಗಿ. ಅವಳ ತಾಯಿ ಸತ್ತಿದ್ದಾಳೆ ಅಂತ ಅವನು ತಿಳಿದುಕೊಂಡಿದ್ದ. ನಿಜಕ್ಕೂ ಹುಚ್ಚಾಸ್ಪತ್ರೆಯಲ್ಲಿದ್ದಳು. ಅಂದರೆ ಬರ್ತಾ ಕೂಡ ಅಮ್ಮನ ನೆರಳಿಲ್ಲದ ಮಗಳೇ. ಕಥೆ ಅವಳಿಗೆ ಒಂದು ಮಾತನ್ನೂ ಆಡಲು ಬಿಡುವುದಿಲ್ಲ. ನನಗೆ ತುಂಬ ಇಷ್ಟದ ಈ ಕಾದಂಬರಿಯಲ್ಲಿ ನನಗೆ ಒಪ್ಪಿಗೆಯಾಗದ ಜಾಗ ಇದು. ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ ಬರ್ತಾಳ ಕಡೆಯಿಂದಲೇ ಒಂದು ಕಾದಂಬರಿ ಬರೆದದ್ದು ಸುಮ್ಮನೆ ಅಲ್ಲ.

ರೊಚೆಸ್ಟರ್ ಜೊತೆ ಮದುವೆಯಾಗಬೇಕಿದ್ದ ದಿನವೇ ಅವನ ಹೆಂಡತಿ ಬದುಕಿದ್ದಾಳೆ ಅಂತ ಜೇನ್‌ಗೆ ಗೊತ್ತಾಗುತ್ತದೆ. ಅವತ್ತು ರಾತ್ರಿ ಅವಳಿಗೆ ಒಂದು ಕನಸು. ಚಂದ್ರ ಹೆಣ್ಣಿನ ರೂಪ ತಾಳಿ, 'ಮಗಳೇ, ಇಲ್ಲಿಂದ ಹೊರಡು' ಅನ್ನುವ ಹಾಗೆ ಹೇಳುತ್ತದೆ. 'ಆಗಲಿ ಅಮ್ಮಾ' ಅನ್ನುತ್ತಾಳೆ ಜೇನ್. ಇಡೀ ಪುಸ್ತಕದಲ್ಲಿ ಅವಳು ಅಮ್ಮಾ ಎಂದು ಕರೆದು ಮಾತಾಡುವುದು ನನಗೆ ಸಿಕ್ಕಿರುವುದು ಈ ಒಂದು ಕಡೆ. ಕೈಯಲ್ಲಿದ್ದ 20 ಷಿಲಿಂಗನ್ನು ಗಾಡಿಯವನಿಗೆ ಕೊಟ್ಟು ಹೊರಡುತ್ತಾಳೆ. ಗಂಟನ್ನು ಗಾಡಿಯಲ್ಲೇ ಮರೆಯುತ್ತಾಳೆ. ಒಂದು ಗುಡಿಸಲಿನ ಮುಂದೆ ಪುಟ್ಟ ಹುಡುಗಿ ತಣ್ಣಗಿನ ಗಂಜಿಯನ್ನು ಹಂದಿಗೆ ಸುರಿಯಲು ಹೊರಟಿರುತ್ತಾಳೆ. ಅದನ್ನು ನನಗೆ ಕೊಡ್ತೀಯಾ ಅಂತ ಜೇನ್ ಕೇಳುತ್ತಾಳೆ. ಹುಡುಗಿ ಒಳಗಿದ್ದ ಅಮ್ಮನನ್ನು ಕೇಳಿ, ಕೊಡುತ್ತಾಳೆ. ಕೊನೆಗೆ ಅವಳನ್ನು ಒಳಗೆ ಕರೆದುಕೊಳ್ಳುವವರು ಡಯಾನಾ, ಮೇರಿ ಮತ್ತು ಅವರ ಅಣ್ಣ ಸೇಂಟ್ ಜಾನ್. ಆಮೇಲೆ ಗೊತ್ತಾಗುವ ಹಾಗೆ ಅವರು ಜೇನ್‌ಗೆ ಸೋದರತ್ತೆಯ ಮಕ್ಕಳು. ನಮ್ಮ ಕಡೆ ಆಗಿದ್ದರೆ, 'ಅತ್ತೆ ಮಗ ತಾನೇ, ಮಾಡಿಕೊಂಡರೆ ಆಯಿತು' ಅಂದುಬಿಡುತ್ತಿದ್ದರು! ಅವನು ಪಾದ್ರಿ, ಮಿಷನರಿ ಕೆಲಸಕ್ಕೆ ಇಂಡಿಯಾಕ್ಕೆ ಹೊರಟವನು. ಹೆಂಡತಿಯಾಗಿ ಬಾ ಅನ್ನುತ್ತಾನೆ, ಹಿಂದೂಸ್ತಾನಿ ಭಾಷೆಯನ್ನೂ ಕಲಿಸುತ್ತಾನೆ. ತಂಗಿಯಾಗಿ ಬೇಕಾದರೆ ಬರುತ್ತೇನೆ, ಪ್ರೀತಿಯಿಲ್ಲದ ಮದುವೆಗೆ ಒಲ್ಲೆ ಅನ್ನುತ್ತಾಳೆ ಜೇನ್. ಕಲ್ಕತ್ತೆಯ ಬಿಸಿಲಲ್ಲಿ ಬೆಂದು ಹೋಗುವಷ್ಟು ಅಗ್ಗದವಳಲ್ಲ ನೀನು ಅನ್ನುವ ಅರ್ಥದಲ್ಲಿ ಡಯಾನಾ ಅವಳ ಬೆನ್ನಿಗೆ ನಿಲ್ಲುತ್ತಾಳೆ. ಅಕ್ಕ ಇದ್ದರೆ ಹೀಗಿರಬೇಕು.

ಮದುವೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಜೇನ್‌ಗೆ ಮಡೇರಾ ದ್ವೀಪದಲ್ಲಿದ್ದ ಅಪ್ಪನ ಸೋದರನಿಂದ 20,000 ಪೌಂಡ್ ಬರುತ್ತದೆ. ನಾಲ್ಕು ಪಾಲು ಮಾಡಿ ಮೂರನ್ನು ಆ ಮೂವರಿಗೆ ಕೊಟ್ಟು, ತಾನು 5,000 ಇಟ್ಟುಕೊಳ್ಳುತ್ತಾಳೆ. ಅಷ್ಟರಲ್ಲಿ ಬರ್ತಾ ತೀರಿಕೊಂಡಿದ್ದಾಳೆ. ರೊಚೆಸ್ಟರ್ ಹತ್ತಿರ ಮರಳುವಾಗ ಜೇನ್ ಸಂಬಳದವಳಲ್ಲ, ಯಾರ ಹಂಗಿನವಳೂ ಅಲ್ಲ. ಬೇಡ ಅನ್ನಲು ಬರುವ ಹೆಣ್ಣು ಹೂಂ ಅಂದಳು. ಈ ಮದುವೆಯನ್ನು ನಾನು ನೋಡುವುದು ಹಾಗೆ. ಆದರೂ ಆಗಿನ ಕಾನೂನಿನಲ್ಲಿ ಆ ದುಡ್ಡು ತಾಳಿಯಷ್ಟೇ ಬೇಗ ಗಂಡನ ಪಾಲಾಗುತ್ತಿತ್ತು ಅನ್ನುವುದನ್ನು ಮಗಳಿಗೆ ಹೇಳಲೇಬೇಕು. ಆಡೆಲ್ ವಿಷಯದಲ್ಲೂ ಹಾಗೆಯೇ. ಜೇನ್ ತಾನೇ ಪಾಠ ಹೇಳಬೇಕೆಂದುಕೊಂಡಿದ್ದಳು, ಗಂಡನ ಆರೈಕೆಯಲ್ಲಿ ಆಗಲಿಲ್ಲ. ಆದರೆ ಶಾಲೆಗೆ ಹೋಗಿ ನೋಡುತ್ತಾಳೆ. ಮಗು ಬಿಳಿಚಿಕೊಂಡು ಸೊರಗಿದೆ. ತಕ್ಷಣ ಅಲ್ಲಿಂದ ಬಿಡಿಸಿ, ಮನೆಗೆ ಹತ್ತಿರದ ಒಳ್ಳೆ ಶಾಲೆಗೆ ಸೇರಿಸುತ್ತಾಳೆ. ಮಿಸೆಸ್ ರೀಡ್ ಲೋವುಡ್‌ಗೆ ಒಮ್ಮೆಯಾದರೂ ಹೋಗಿ ನೋಡಿದ್ದಳಾ?

ಈಗ, ಕೊಡಬೇಕಾ ಬೇಡವಾ. ಬಚ್ಚಿಡುವುದು ಒಂದು ದಾರಿ. ಆದರೆ ಕ್ಲಾಸಿನಲ್ಲಿ ಎಲ್ಲರೂ ಓದಿರುತ್ತಾರೆ, ನೀವು ಯಾಕೆ ಬಚ್ಚಿಟ್ಟಿರಿ ಅಂತ ಅವಳು ಯೋಚಿಸಲು ಶುರು ಮಾಡುತ್ತಾಳೆ. ಅದು ಪುಸ್ತಕಕ್ಕಿಂತ ಕೆಟ್ಟದ್ದು. ಮಕ್ಕಳಿಗಾಗಿ ಚಿಕ್ಕದು ಮಾಡಿದ ಪ್ರತಿಗಳು ಸಿಗುತ್ತವೆ. ನಾನು ನೋಡಿದ ಹಲವು ಪ್ರತಿಗಳಲ್ಲಿ ಕ್ರೂರ ಅತ್ತೆ ಉಳಿದಿದ್ದಾಳೆ, ಅವಳ ಮರಣಶಯ್ಯೆಯ 21ನೆಯ ಅಧ್ಯಾಯ ಎರಡು ಸಾಲಿಗೆ ಇಳಿದಿದೆ. ನಿಮ್ಮ ಮನೆಗೆ ಬೇಕಾದದ್ದು ಆ ಅಧ್ಯಾಯವೇ. ಸಿನಿಮಾ ತೋರಿಸಿದರೂ ಇದೇ ತೊಂದರೆ, ಎರಡು ಗಂಟೆಯಲ್ಲಿ ಪ್ರೇಮಕಥೆ ಮಾತ್ರ ಉಳಿಯುತ್ತದೆ. ಪೂರ್ತಿ ಪುಸ್ತಕ ಕೊಡಿ. 38 ಅಧ್ಯಾಯ ಇವೆ, ಇಂಗ್ಲಿಷ್ ಹಳೆಯದು, ನಡುವೆ ಬೇಜಾರಾಗಬಹುದು. ನೀವೂ ಜೊತೆಗೆ ಓದಿ. ಪಕ್ಕದಲ್ಲಿ ಕೂತು ಪಾಠ ಹೇಳಬೇಡಿ. ಅವಳು ಓದಿಟ್ಟಲ್ಲಿಂದ ನೀವು ಓದಿ, ಅಷ್ಟು ಸಾಕು. ಇದರಲ್ಲೂ ಅಪಾಯ ಇಲ್ಲದಿಲ್ಲ. ಒಂದು ದಿನ ಅವಳು, "ನಾನು ನಿಮಗೆ ಭಾರ ಆಗಿದ್ದೆನಾ ದೊಡ್ಡಮ್ಮ?" ಅಂತ ಕೇಳಬಹುದು. 'ಛೆ, ಏನು ಮಾತು' ಅಂತ ಬಾಯಿ ಮುಚ್ಚಿಸಬೇಡಿ. ಕಷ್ಟವಾದ ದಿನಗಳು ಇದ್ದರೆ ಇತ್ತು ಅನ್ನಿ. ಅವಳಿಗೆ ಅದು ಮೊದಲೇ ಗೊತ್ತಿರುತ್ತದೆ.

21ನೆಯ ಅಧ್ಯಾಯದಲ್ಲಿ ಏನಾಗುತ್ತದೆ ಅಂದರೆ, ಸಾಯುತ್ತಿರುವ ಮಿಸೆಸ್ ರೀಡ್ ಜೇನ್‌ಳನ್ನು ಕರೆಸಿ ಒಂದು ಕಾಗದ ಕೊಡುತ್ತಾಳೆ. ಅದೇ ಮಡೇರಾದ ಚಿಕ್ಕಪ್ಪ ಮೂರು ವರ್ಷದ ಹಿಂದೆ ಬರೆದದ್ದು. ಜೇನ್‌ಳನ್ನು ದತ್ತು ತೆಗೆದುಕೊಳ್ಳುತ್ತೇನೆ, ವಿಳಾಸ ಕಳಿಸಿ ಅಂತ. ಅವಳು ಲೋವುಡ್‌ನಲ್ಲಿ ಜ್ವರ ಬಂದು ಸತ್ತಳು ಅಂತ ಇವಳು ಉತ್ತರ ಬರೆದಿದ್ದಳು. ಜೇನ್ ಕ್ಷಮಿಸುತ್ತಾಳೆ, ಕೆನ್ನೆಯನ್ನು ತುಟಿಯ ಹತ್ತಿರ ಒಯ್ಯುತ್ತಾಳೆ. ಆ ಹೆಂಗಸು ಮುಟ್ಟುವುದಿಲ್ಲ.

ನಿಮ್ಮ ಬೀರುವಿನ ಕಟ್ಟಿನ ವಿಷಯ ಸಂಬಂಧ ಇಲ್ಲದ್ದು ಅಂತ ಬರೆದಿದ್ದೀರಿ. ಇಲ್ಲ, ಇದೆ. ಕಾದಂಬರಿ ಬಂದು ಎರಡು ವರ್ಷ ದಾಟಿತ್ತು. 1850ರ ಫೆಬ್ರವರಿಯಲ್ಲಿ ಷಾರ್ಲೆಟ್‌ಳ ಅಪ್ಪ ಒಂದು ಪುಟ್ಟ ಕಟ್ಟು ತಂದು, ಇವು ನಿನ್ನ ಅಮ್ಮನ ಪತ್ರಗಳು, ಓದು ಅಂತ ಕೊಟ್ಟ. ಕಾಗದ ಹಳದಿಯಾಗಿತ್ತು. ಅವಳಿಗೆ ಆಗ 33 ವರ್ಷ. ತಮ್ಮ, ತಂಗಿಯರು ಎಲ್ಲರೂ ಆಗಲೇ ತೀರಿಕೊಂಡಿದ್ದರು. ಅಮ್ಮ ಬದುಕಿದ್ದಿದ್ದರೆ, ಅವಳನ್ನು ನಾನು ಬಲ್ಲವಳಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನುವ ಮಾತನ್ನು ಗೆಳತಿಗೆ ಬರೆದಳು.

ನಿಮ್ಮ ಮಗಳು 33ರವರೆಗೆ ಕಾಯುವುದು ಬೇಡ. ಮೊದಲು ಕಟ್ಟು ಬಿಚ್ಚಿ ನೀವೇ ಒಮ್ಮೆ ಓದಿ. ಯಾರದೋ ಮನೆಯ ಗುಟ್ಟು ಇರುವಂಥವು ಇದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ, ಹರಿಯಬೇಡಿ. ಹಾಸ್ಟೆಲ್ ಸಾರಿನ ಬಗ್ಗೆ, ರೂಮಿನ ಗೆಳತಿಯರ ಬಗ್ಗೆ, ಪರೀಕ್ಷೆಯ ಭಯದ ಬಗ್ಗೆ, ದುಡ್ಡು ಕಳಿಸು ಅಕ್ಕಾ ಅಂತ ಬರೆದದ್ದು ಇದ್ದೇ ಇರುತ್ತದೆ. ಅದರಲ್ಲೊಂದನ್ನು ಆರಿಸಿ, ಯಾವುದಾದರೂ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳ ಕೈಗೆ ಕೊಡಿ. ನಿಮ್ಮ ತಂಗಿ ಅದನ್ನು ಬರೆದಾಗ ಹೆಚ್ಚುಕಡಿಮೆ ಇವಳ ವಯಸ್ಸಿನವಳೇ ಇದ್ದಳು, ಅಲ್ವಾ?